ಹಳೇ ಹಾಲಿವುಡ್: ಹೀರೋ ಪಕ್ಕದಲ್ಲಿ ನಿಂತವರ ಬಗ್ಗೆ ಮಾತಾಡೋಣ

ಪಕ್ಕದ_ಪಾತ್ರ

ಹಳೇ ಹಾಲಿವುಡ್ ಅಂದ ಕೂಡಲೇ ಮಾತು ಬೋಗಾರ್ಟ್, ಬರ್ಗ್‌ಮನ್, ಕ್ಯಾರಿ ಗ್ರಾಂಟ್ ಕಡೆಗೇ ಹೋಗುತ್ತದೆ. ಅವರ ಮೇಲೆ ನನಗೇನೂ ತಕರಾರಿಲ್ಲ. ಆದರೆ 1930-40ರ ದಶಕದ ಚಿತ್ರಗಳನ್ನು ನಾನು ಮತ್ತೆ ಮತ್ತೆ ಹಾಕಿಕೊಂಡು ಕೂರುವುದು ಅವರಿಗಾಗಿ ಅಲ್ಲ. ಹೀರೋ ಪಕ್ಕದಲ್ಲಿ ನಿಂತವರಿಗಾಗಿ. ಹೋಟೆಲ್ ಮ್ಯಾನೇಜರ್, ಮನೆಕೆಲಸದಾಕೆ, ಕುಡುಕ ಡಾಕ್ಟರ್, ಲಂಚಕೋರ ಪೊಲೀಸ್, ಹೀರೋಯಿನ್ ಅಪ್ಪ. ಎರಡು ನಿಮಿಷ ಬಂದು ಇಡೀ ಸೀನನ್ನೇ ಹೊಡೆದುಕೊಂಡು ಹೋಗುವ ಮಂದಿ.

ನನ್ನ ಮೊದಲ ಹೆಸರು ಕ್ಲಾಡ್ ರೇನ್ಸ್. ‘ಕ್ಯಾಸಬ್ಲಾಂಕಾ’ (1942) ಕೊನೆಯ ಏರ್‌ಪೋರ್ಟ್ ಸೀನ್ ಅಂದರೆ ಎಲ್ಲರಿಗೂ ನೆನಪಾಗುವುದು ಮಂಜು, ಟೋಪಿ, ಬೋಗಾರ್ಟ್ ವಿದಾಯ. ನಾನು ನೋಡುವುದು ರೇನ್ಸ್ ಮಾಡಿದ ಲಂಚಕೋರ ಪೊಲೀಸ್ ಕ್ಯಾಪ್ಟನ್ ರೆನೋ ಕೈಯನ್ನು. ಗುಂಡು ಹಾರಿದೆ, ಜರ್ಮನ್ ಮೇಜರ್ ಬಿದ್ದಿದ್ದಾನೆ. ರೆನೋ ಬಾಟಲಿಯಿಂದ ನೀರು ಬಗ್ಗಿಸಿಕೊಳ್ಳುತ್ತಾನೆ. ಲೇಬಲ್ ಕಡೆ ಕಣ್ಣು ಹೋಗುತ್ತದೆ. ‘ವಿಶಿ’ ನೀರು. ನಾಜಿಗಳ ಜೊತೆ ರಾಜಿ ಮಾಡಿಕೊಂಡ ಫ್ರೆಂಚ್ ಸರ್ಕಾರ ಕೂತಿದ್ದ ಊರು ಅದೇ ವಿಶಿ. ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿ, ಬುಟ್ಟಿಗೊಂದು ಒದೆ ಕೊಡುತ್ತಾನೆ. ಆ ಲಂಚಕೋರ ಪಕ್ಷ ಬದಲಿಸಿದ್ದು ಅಷ್ಟರಲ್ಲೇ ನಮಗೆ ಗೊತ್ತಾಗುತ್ತದೆ.

ಹಿಚ್‌ಕಾಕ್‌ನ ‘ನಟೋರಿಯಸ್’ (1946)ನಲ್ಲಂತೂ ಈತ ವಿಲನ್. ಆದರೂ ಚಿತ್ರ ಮುಗಿದಾಗ ಪಾಪ ಅನ್ನಿಸುವುದು ಇವನನ್ನು ಕಂಡೇ. ಹೀರೋ ಹೀರೋಯಿನ್ ಕಾರಲ್ಲಿ ಹೋಗಿಬಿಡುತ್ತಾರೆ. ಇವನನ್ನು ಮನೆಯೊಳಗಿನ ನಾಜಿ ಸಂಗಾತಿಗಳು ಕರೆಯುತ್ತಾರೆ. ಏನು ಕಾದಿದೆ ಅಂತ ಗೊತ್ತಿದ್ದೂ ಮೆಟ್ಟಿಲು ಹತ್ತಿ ಹೋಗುತ್ತಾನೆ. ಬಾಗಿಲು ಮುಚ್ಚುತ್ತದೆ. ರೇನ್ಸ್ ಎತ್ತರದಲ್ಲಿ ಬರ್ಗ್‌ಮನ್‌ಗಿಂತ ಕಮ್ಮಿ, ಹಾಗಾಗಿ ಕೆಲವು ಶಾಟ್‌ಗಳಲ್ಲಿ ಅವನ ಕಾಲ ಕೆಳಗೆ ಹಲಗೆ ಹಾಕಿದ್ದರು. ಮೊದಲ ಮಹಾಯುದ್ಧದ ವಿಷಾನಿಲದಿಂದ ಒಂದು ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಆ ಕಣ್ಣಿಟ್ಟುಕೊಂಡೇ ಅಷ್ಟೊಂದು ಕಳ್ಳನೋಟ ಬೀರಿದ ಪುಣ್ಯಾತ್ಮ! ಪೋಷಕ ನಟ ಎಂದು ನಾಲ್ಕು ಸಲ ಆಸ್ಕರ್‌ಗೆ ನಾಮಿನೇಟ್ ಆದ. ಒಂದೂ ಬರಲಿಲ್ಲ.

ನಿಮ್ಮ ಪಟ್ಟಿ ಬಿಚ್ಚಿ. ಹೀರೋಗಳಿಗೆ ಇಲ್ಲಿ ಪ್ರವೇಶವಿಲ್ಲ.

ನಿದ್ದೆಗೆಟ್ಟವಳು

ನಾನು ಈ ಚಿತ್ರಗಳನ್ನು ನೋಡಿದ್ದೇ ಕಳ್ಳತನದಲ್ಲಿ. ತೊಂಬತ್ತರ ದಶಕದಲ್ಲಿ ಕೇಬಲ್ ಇದ್ದವರಿಗೆ ನೆನಪಿರಬೇಕು. ರಾತ್ರಿ ಕಾರ್ಟೂನ್ ನೆಟ್‌ವರ್ಕ್ ಮುಗಿದರೆ ಅದೇ ಚಾನೆಲ್‌ನಲ್ಲಿ ಟಿಎನ್‌ಟಿ ಶುರು. ಟಾಮ್ ಆಂಡ್ ಜೆರ್ರಿ ಹೋಗಿ ಎಂಜಿಎಂ ಸಿಂಹ ಬರುತ್ತಿತ್ತು. ಸೌಂಡ್ ಕಮ್ಮಿ ಮಾಡಿ, ಸಬ್‌ಟೈಟಲ್ ಇಲ್ಲದೆ, ಅರ್ಧ ಅರ್ಥವಾಗಿ ಅರ್ಧ ಆಗದೆ ನೋಡಿದ್ದೇ ನೋಡಿದ್ದು.

ನನ್ನ ಓಟು ಥೆಲ್ಮಾ ರಿಟ್ಟರ್‌ಗೆ. ‘ರಿಯರ್ ವಿಂಡೋ’ (1954)ದಲ್ಲಿ ಜೇಮ್ಸ್ ಸ್ಟೀವರ್ಟ್ ಬೆನ್ನು ತಿಕ್ಕುತ್ತಾ ಬೈಯುವ ನರ್ಸ್ ಸ್ಟೆಲ್ಲಾ ಇವಳೇ. ರೇನ್ಸ್‌ಗೆ ನಾಲ್ಕು ನಾಮಿನೇಷನ್ ಅಂದಿರಲ್ಲ, ಇವಳಿಗೆ ಆರು. 1950ರ ‘ಆಲ್ ಅಬೌಟ್ ಈವ್’ ಮೊದಲು, 1962ರ ‘ಬರ್ಡ್‌ಮನ್ ಆಫ್ ಅಲ್ಕಟ್ರಾಜ್’ ಕೊನೆ. ಒಂದೂ ಸಿಗಲಿಲ್ಲ. ಸಿನಿಮಾಕ್ಕೆ ಬಂದಿದ್ದೇ ನಲವತ್ತೈದರ ಹೊತ್ತಿಗೆ. ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ (1947)ನಲ್ಲಿ ಮಗನಿಗೆ ಆಟಿಕೆ ಹುಡುಕಿ ಸುಸ್ತಾದ ತಾಯಿ. ಟೈಟಲ್‌ನಲ್ಲಿ ಹೆಸರೂ ಇಲ್ಲ. ಆದರೂ ಆ ಮುಖ ಯಾರೂ ಮರೆಯಲಿಲ್ಲ.

ಒಂದೇ ಒಂದು ಸೀನ್ ನೋಡಬೇಕು ಅಂದರೆ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ (1953). ನ್ಯೂಯಾರ್ಕ್ ಬೀದಿಯಲ್ಲಿ ಟೈ ಮಾರುವ ಮುದುಕಿ ಮೋ. ಸೈಡಲ್ಲಿ ಪೊಲೀಸರಿಗೆ ಜೇಬುಗಳ್ಳರ ಸುಳಿವು ಮಾರುತ್ತಾಳೆ. ಅದಕ್ಕೂ ಚೌಕಾಸಿ, ಬೆಲೆಯೇರಿಕೆ ನೋಡಿ ಸ್ವಾಮಿ ಅಂತಾಳೆ! ದುಡ್ಡು ಕೂಡಿಡುವುದು ತನ್ನ ಸಮಾಧಿಗೆ. ಅನಾಥಳಾಗಿ ಮಣ್ಣಾಗಬಾರದು, ಒಳ್ಳೆ ಜಾಗದಲ್ಲಿ ಹೆಸರು ಕೆತ್ತಿದ ಕಲ್ಲು ಬೇಕು. ಒಂದು ರಾತ್ರಿ ಸುಸ್ತಾಗಿ ರೂಮಿಗೆ ಬರುತ್ತಾಳೆ. ಗ್ರಾಮಫೋನ್ ಹಾಕುತ್ತಾಳೆ. ಕೊಲೆಗಾರ ಅಲ್ಲೇ ಇದ್ದಾನೆ. ಅವಳು ಕಿರುಚುವುದಿಲ್ಲ, ಓಡುವುದಿಲ್ಲ. ಎಷ್ಟು ದಣಿದಿದ್ದೇನೆ ಅಂತ ಹೇಳಿಕೊಳ್ಳುತ್ತಾಳೆ, ಬಸ್ಸಲ್ಲಿ ಪಕ್ಕದ ಸೀಟಿನವರಿಗೆ ಹೇಳಿದ ಹಾಗೆ. ಕ್ಯಾಮೆರಾ ಅವಳನ್ನು ಬಿಟ್ಟು ಗ್ರಾಮಫೋನ್ ಕಡೆ ಸರಿಯುತ್ತದೆ. ಹಾಡು ಮುಗಿಯುತ್ತದೆ. ಗುಂಡಿನ ಸದ್ದು.

ಆ ಚಿತ್ರದ ಹೀರೋ ಯಾರು ಅಂತ ಕೇಳಿದರೆ ನಾನು ಒಂದು ಕ್ಷಣ ಯೋಚಿಸಬೇಕು.

ಮ್ಯಾಟಿನಿ_ಮಾವ

ಟಿವಿಯಲ್ಲಿ ನೋಡಿದವರು ನೀವು. ನಮ್ಮದು ಎಂ.ಜಿ. ರಸ್ತೆಯ ಪ್ಲಾಜಾ. ಹಳೇ ಇಂಗ್ಲಿಷ್ ಪಿಕ್ಚರ್‌ಗಳು ಮತ್ತೆ ಬಂದಾಗ ಕಾಲೇಜಿಗೆ ಚಕ್ಕರ್ ಹೊಡೆದು ಹೋಗುತ್ತಿದ್ದೆವು. ಈಗ ಅಲ್ಲಿ ಮೆಟ್ರೋ.

ಜೋಡಿ ಹೆಸರು ಕೊಡಬಹುದಾ? ಸಿಡ್ನಿ ಗ್ರೀನ್‌ಸ್ಟ್ರೀಟ್ ಮತ್ತು ಪೀಟರ್ ಲೋರಿ. ಒಬ್ಬ ಗುಡಾಣ, ಒಬ್ಬ ಚೋಟು. ‘ದಿ ಮಾಲ್ಟೀಸ್ ಫಾಲ್ಕನ್’ (1941)ನಲ್ಲಿ ಮೊದಲು ಜೊತೆಯಾದರು. ಗ್ರೀನ್‌ಸ್ಟ್ರೀಟ್‌ಗೆ ಅದು ಮೊದಲ ಸಿನಿಮಾ, ವಯಸ್ಸು 61! ಅಷ್ಟು ವರ್ಷ ನಾಟಕದಲ್ಲೇ ಇದ್ದ. ಮೊದಲ ಚಿತ್ರಕ್ಕೇ ಆಸ್ಕರ್ ನಾಮಿನೇಷನ್. ಎಂಟು ವರ್ಷದಲ್ಲಿ ಸಿನಿಮಾ ಬದುಕೇ ಮುಗಿಯಿತು. ಅಷ್ಟರಲ್ಲೇ ಅಮರ.

ಒಂದು ಸ್ವಾರಸ್ಯ ಕೇಳಿ. ಈ ಇಂಗ್ಲಿಷಿನವ ನಟನೆಗೆ ಬರುವ ಮೊದಲು, ಹದಿನೆಂಟರ ವಯಸ್ಸಿನಲ್ಲಿ ದುಡ್ಡು ಮಾಡಲು ಸಿಲೋನಿಗೆ ಹೋಗಿದ್ದ. ಟೀ ತೋಟಕ್ಕೆ. ಮಳೆ ಕೈಕೊಟ್ಟಿತು, ವಾಪಸ್ ಹೋದ. ಆ ವರ್ಷ ಮಳೆ ಚೆನ್ನಾಗಿ ಬಿದ್ದಿದ್ದರೆ ನಮಗೆ ಗ್ರೀನ್‌ಸ್ಟ್ರೀಟ್ ಸಿಗುತ್ತಿರಲಿಲ್ಲ.

ಲೋರಿ ಹಂಗೇರಿ ಕಡೆ ಹುಟ್ಟಿದವನು. ಜರ್ಮನಿಯಲ್ಲಿ ‘ಎಂ’ (1931) ಮಾಡಿ ಹೆಸರಾಗಿದ್ದ. ಹಿಟ್ಲರ್ ಬಂದ ಮೇಲೆ ಊರು ಬಿಟ್ಟ. ಹಿಚ್‌ಕಾಕ್ ಚಿತ್ರಕ್ಕೆ ಬಂದಾಗ ಇಂಗ್ಲಿಷ್ ಸರಿಯಾಗಿ ಬಾರದು, ಸದ್ದು ಕೇಳಿ ಉರುಹೊಡೆದು ಒಪ್ಪಿಸಿದ. ಅದೇ ದನಿಯನ್ನು ಆಮೇಲೆ ಲೋಕವೆಲ್ಲ ಮಿಮಿಕ್ರಿ ಮಾಡಿತು.

ಸುಮ್ನೆ_ಕೇಳ್ದೆ

ಎಲ್ಲರಿಗೂ ಒಂದು ಪ್ರಶ್ನೆ. ದಪ್ಪ ಹೊಟ್ಟೆ, ಗಂಟಲಲ್ಲಿ ಜಲ್ಲಿಕಲ್ಲು ಉರುಳಿಸಿದಂಥ ದನಿ. ಯಾವಾಗಲೂ ಶ್ರೀಮಂತ ಅಪ್ಪ. ಮನೆಯವರೆಲ್ಲ ಹುಚ್ಚರು, ಇವನೊಬ್ಬ ಬಿಲ್ ನೋಡಿ ಗೊಣಗುವವನು. ಕಪ್ಪುಬಿಳುಪು ಕಾಮಿಡಿಗಳಲ್ಲಿ ಎಲ್ಲಿ ನೋಡಿದರೂ ಸಿಗುತ್ತಾನೆ. ಹೆಸರು ಮಾತ್ರ ಗೊತ್ತಿಲ್ಲ.

ಬೇಏರಿಯಾ_ಭಟ್ಟ

ಯೂಜೀನ್ ಪ್ಯಾಲೆಟ್! ನೀವು ಹೇಳಿದ್ದು ‘ಮೈ ಮ್ಯಾನ್ ಗಾಡ್‌ಫ್ರೀ’ (1936) ಇರಬೇಕು. ‘ರಾಬಿನ್ ಹುಡ್’ (1938)ನಲ್ಲಿ ಹೊಟ್ಟೆಬಾಕ ಸನ್ಯಾಸಿ ಫ್ರಯರ್ ಟಕ್ ಕೂಡ ಇವನೇ.

ಇಲ್ಲಿ ಪಾಲೋ ಆಲ್ಟೋದಲ್ಲಿ ಸ್ಟ್ಯಾನ್‌ಫರ್ಡ್ ಥಿಯೇಟರ್ ಅಂತ ಇದೆ. 1925ರದ್ದು. ಪ್ಯಾಕರ್ಡ್ ಮನೆತನದ ಫೌಂಡೇಷನ್ ಕೊಂಡು ಮೊದಲಿದ್ದ ಹಾಗೇ ಸರಿಮಾಡಿಸಿತು. ಹಳೇ ಹಾಲಿವುಡ್ ಚಿತ್ರ ಮಾತ್ರ ಹಾಕುತ್ತಾರೆ, ಫಿಲ್ಮ್ ರೀಲಿನಿಂದಲೇ. ಷೋಗೆ ಮೊದಲು ಒಬ್ಬರು ಆರ್ಗನ್ ನುಡಿಸುತ್ತಾರೆ. ನಮ್ಮ ಕನ್ನಡ ಕೂಟದವರು ಕೆಲವರು ಸೇರಿ ಅಲ್ಲಿ ‘ದಿ ಲೇಡಿ ಈವ್’ (1941)ಗೆ ಹೋಗಿದ್ದೆವು. ಅದರಲ್ಲಿ ಪ್ಯಾಲೆಟ್ ಬೆಳಗ್ಗೆ ಹಾಡು ಗುನುಗುತ್ತಾ ತಿಂಡಿಗೆ ಬಂದು ಕೂರುತ್ತಾನೆ. ಮನೆಯಲ್ಲಿ ಪಾರ್ಟಿ ಗಡಿಬಿಡಿ, ತಿಂಡಿ ಕೇಳುವವರೇ ಇಲ್ಲ. ಒಂದೊಂದೇ ಬೆಳ್ಳಿ ಮುಚ್ಚಳ ಎತ್ತಿ ನೋಡುತ್ತಾನೆ, ಎಲ್ಲ ಖಾಲಿ. ಕಡೆಗೆ ಎರಡು ಮುಚ್ಚಳ ಹಿಡಿದು ತಾಳ ಹೊಡೆದ ಹಾಗೆ ಬಡಿಯುತ್ತಾನೆ. ಕೋಟ್ಯಧೀಶ, ಒಂದು ತುತ್ತಿಗೆ ಗತಿಯಿಲ್ಲ! ಥಿಯೇಟರ್ ಪೂರ್ತಿ ನಗು. ನನ್ನ ಪಕ್ಕ ಕೂತ ಅಂಕಲ್ ಕಣ್ಣೊರೆಸಿಕೊಂಡು, “ನಮ್ಮನೇಲೂ ಗೌರಿಹಬ್ಬದ ದಿನ ಇದೇ ಕಥೆ” ಅಂದರು.

ಮೂಕಿ ಕಾಲದಲ್ಲಿ ಪ್ಯಾಲೆಟ್ ಸಪೂರ. ಗ್ರಿಫಿತ್‌ನ ‘ಇಂಟಾಲರೆನ್ಸ್’ (1916)ನಲ್ಲಿ ಪ್ರೇಮಿ ಪಾತ್ರ ಮಾಡಿದ್ದಾನೆ. ಅದನ್ನು ನೋಡಿ ಇದನ್ನು ನೋಡಿದರೆ ಒಬ್ಬನೇ ಅಂತ ನಂಬುವುದೇ ಕಷ್ಟ. ಆಮೇಲೆ ಅಣುಬಾಂಬ್ ಬೀಳುತ್ತದೆ ಅಂತ ಹೆದರಿ ಒರೆಗಾನ್ ಬೆಟ್ಟದಲ್ಲಿ ದೊಡ್ಡ ರ‍್ಯಾಂಚ್ ಕೊಂಡು ದನಕರು, ದವಸ ಎಲ್ಲ ತುಂಬಿಟ್ಟುಕೊಂಡಿದ್ದನಂತೆ.

ಲೆಕ್ಕಿಗ

ಸ್ವಲ್ಪ ತಣ್ಣೀರು ಎರಚಲಾ? ನೀವೆಲ್ಲ ಪ್ರತಿಭೆ ಪ್ರತಿಭೆ ಅಂತಿದ್ದೀರಿ. ನನಗೆ ಕಾಣುವುದು ಫ್ಯಾಕ್ಟರಿ.

ಆಗ ನಟರು ಸ್ಟುಡಿಯೋ ನೌಕರರು. ಏಳು ವರ್ಷದ ಕಾಂಟ್ರಾಕ್ಟ್, ವಾರದ ಸಂಬಳ. ಸೋಮವಾರ ಕೌಬಾಯ್ ಚಿತ್ರದಲ್ಲಿ ಜಡ್ಜ್, ಮುಂದಿನ ತಿಂಗಳು ಪ್ಯಾರಿಸ್ ಚಿತ್ರದಲ್ಲಿ ವೇಟರ್. ಸಂಬಳ ಹೇಗೂ ಕೊಡಬೇಕು, ಕೂರಿಸಿ ಕೊಡುವುದು ಯಾಕೆ ಅಂತ ಒಂದರ ಹಿಂದೊಂದು ಚಿತ್ರಕ್ಕೆ ತಳ್ಳುತ್ತಿದ್ದರು. ಹೊರಗಿನಿಂದ ಕರೆಸಿಕೊಂಡವರಿಗೂ ಕೆಲಸಕ್ಕೆ ಬರವಿರಲಿಲ್ಲ, ಚಿತ್ರಗಳು ಅಷ್ಟು ತಯಾರಾಗುತ್ತಿದ್ದವು. ಥಾಮಸ್ ಮಿಚೆಲ್ ನೋಡಿ. 1939 ಒಂದೇ ವರ್ಷದಲ್ಲಿ ‘ಸ್ಟೇಜ್‌ಕೋಚ್’ನ ಕುಡುಕ ಡಾಕ್ಟರ್, ‘ಗಾನ್ ವಿತ್ ದಿ ವಿಂಡ್’ನಲ್ಲಿ ಸ್ಕಾರ್ಲೆಟ್ ಅಪ್ಪ, ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ನಲ್ಲಿ ಪತ್ರಕರ್ತ, ‘ಓನ್ಲಿ ಏಂಜಲ್ಸ್ ಹ್ಯಾವ್ ವಿಂಗ್ಸ್’ನಲ್ಲಿ ಪೈಲಟ್, ‘ಹಂಚ್‌ಬ್ಯಾಕ್’ನಲ್ಲಿ ಭಿಕ್ಷುಕರ ದೊರೆ. ಐದೂ ಈಗ ಕ್ಲಾಸಿಕ್. ಕುಡುಕ ಡಾಕ್ಟರಿಗೆ ಆಸ್ಕರ್ ಬಂತು. ಅಷ್ಟು ಸಲ ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಯಾರಿಗಾದರೂ ಕೈ ಕುದುರುತ್ತದೆ, ಅಲ್ವಾ?

ಇನ್ನೊಂದು. ವಾಲ್ಟರ್ ಬ್ರೆನನ್‌ಗೆ ಪೋಷಕ ನಟ ಅಂತ ಮೂರು ಆಸ್ಕರ್: 1936, 1938, 1940ರ ಚಿತ್ರಗಳಿಗೆ. ಆ ಪ್ರಶಸ್ತಿ ಶುರುವಾದ ವರ್ಷವೇ ಮೊದಲನೆಯದು. ಆಗ ಎಕ್ಸ್‌ಟ್ರಾ ನಟರಿಗೂ ಓಟು ಇತ್ತು. ಬ್ರೆನನ್ ಎಕ್ಸ್‌ಟ್ರಾ ಆಗಿಯೇ ಬಂದವನು, ಅವರಿಗೆಲ್ಲ ನಮ್ಮವನು. ಓಟು ಎಲ್ಲಿ ಬಿತ್ತು ಅಂತ ಹೇಳಬೇಕಾಗಿಲ್ಲ.

ಪಕ್ಕದ_ಪಾತ್ರ

ಲೆಕ್ಕಿಗರೇ, ಫ್ಯಾಕ್ಟರಿ ಇತ್ತು, ಒಪ್ಪಿದೆ. ಆದರೆ ಅದೇ ಫ್ಯಾಕ್ಟರಿಯಲ್ಲಿ ಸಾವಿರಾರು ಜನ ವಾರದ ಸಂಬಳ ತೆಗೆದುಕೊಂಡು ಹೋದರು. ಅವರೆಲ್ಲ ಮಿಚೆಲ್ ಆಗಲಿಲ್ಲವಲ್ಲ?

‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946)ನಲ್ಲಿ ದುಡ್ಡು ಕಳೆದುಕೊಳ್ಳುವ ಬಿಲ್ಲಿ ಚಿಕ್ಕಪ್ಪ ಇದೇ ಮಿಚೆಲ್. ಕುಡಿದು ತೂರಾಡುತ್ತಾ ಫ್ರೇಮಿನಿಂದ ಆಚೆ ಹೋಗುತ್ತಾನೆ. ಆಗಲೇ ಸೆಟ್‌ನಲ್ಲಿ ಯಾರೋ ಸಾಮಾನು ಬೀಳಿಸಿದ್ದು ಧಡ್ ಅಂತ ಕೇಳಿತು. ಬೇರೆಯವರಾಗಿದ್ದರೆ ಕಟ್. ಮಿಚೆಲ್ ಆಚೆಯಿಂದಲೇ, ನನಗೇನೂ ಆಗಿಲ್ಲ ಅಂತ ಕೂಗಿದ. ಜೇಮ್ಸ್ ಸ್ಟೀವರ್ಟ್ ಮುಖದಲ್ಲಿ ನಗು. ನಿರ್ದೇಶಕ ಕಾಪ್ರಾ ಅದನ್ನೇ ಇಟ್ಟುಕೊಂಡ. ಇದನ್ನು ಯಾವ ಕಾಂಟ್ರಾಕ್ಟ್ ಕಲಿಸುತ್ತದೆ?

ಬ್ರೆನನ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. ‘ದಿ ವೆಸ್ಟರ್ನರ್’ (1940) ಒಮ್ಮೆ ನೋಡಿ ಬನ್ನಿ. ಎದುರಿಗೆ ಗ್ಯಾರಿ ಕೂಪರ್ ನಿಂತಿದ್ದರೂ ಕಣ್ಣು ಆ ಮುದಿ ಜಡ್ಜ್ ಮೇಲೇ ಇರುತ್ತದೆ. ಎಕ್ಸ್‌ಟ್ರಾಗಳ ಓಟು ಇಲ್ಲದಿದ್ದರೂ ನನ್ನದು ಅವನಿಗೇ.

ಲೆಕ್ಕಿಗ

ಅದು ಸರಿ. ಆದರೆ ಕಾಂಟ್ರಾಕ್ಟ್ ಸುಖದ್ದಾಗಿರಲಿಲ್ಲ ಅಂತಲೂ ಸೇರಿಸಿ. ಕೊಟ್ಟ ಪಾತ್ರ ಬೇಡ ಅಂದರೆ ಸಸ್ಪೆಂಡ್. ಸಸ್ಪೆಂಡ್ ಆದ ದಿನಗಳನ್ನು ಏಳು ವರ್ಷದ ಬಾಲಕ್ಕೆ ಸೇರಿಸುತ್ತಿದ್ದರು. ಹಾಗಾಗಿ ಏಳು ವರ್ಷ ಮುಗಿಯುವುದೇ ಇಲ್ಲ! ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ತನ್ನ ಸ್ಟುಡಿಯೋ ವಾರ್ನರ್ ಬ್ರದರ್ಸ್ ಮೇಲೆ ಕೋರ್ಟಿಗೆ ಹೋಗಿ 1944ರಲ್ಲಿ ಗೆದ್ದಳು. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ ಅಂತ ತೀರ್ಪು. ಕೇಸ್ ನಡೆವಾಗ ಯಾರೂ ಕೆಲಸ ಕೊಡಲಿಲ್ಲ. ಹೊರಗೆ ಬಂದ ಮೇಲೆ ಎರಡು ಆಸ್ಕರ್. ಆಯಮ್ಮ 104 ವರ್ಷ ಬದುಕಿ 2020ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಳು. ಕೇಸ್ ಹಾಕಿದವಳು ಇಡೀ ಸ್ಟುಡಿಯೋ ಪದ್ಧತಿಗಿಂತ ಜಾಸ್ತಿ ಬಾಳಿದಳು.

ನಿದ್ದೆಗೆಟ್ಟವಳು

ಮಾವ ಲೋರಿ ವಿಷಯ ಎತ್ತಿದ್ದಕ್ಕೆ ಹೇಳುತ್ತೇನೆ. ‘ಕ್ಯಾಸಬ್ಲಾಂಕಾ’ ಮತ್ತೆ ನೋಡುವಾಗ ಪಕ್ಕದವರನ್ನೇ ನೋಡುತ್ತಾ ಹೋಗಿ. ಕಥೆಯೇ ಬೇರೆ ಆಗುತ್ತದೆ. ಟೈಟಲ್‌ನಲ್ಲಿ ಹೆಸರಿರುವವರಲ್ಲಿ ಅಮೆರಿಕದಲ್ಲಿ ಹುಟ್ಟಿದವರು ಮೂವರೇ: ಬೋಗಾರ್ಟ್, ಪಿಯಾನೋ ಸ್ಯಾಮ್ ಆಗಿರುವ ಡೂಲಿ ವಿಲ್ಸನ್, ಜಾಯ್ ಪೇಜ್. (ವಿಲ್ಸನ್‌ಗೆ ಪಿಯಾನೋ ಬರುತ್ತಿರಲಿಲ್ಲ, ಆತ ಡ್ರಮ್ ಬಾರಿಸುವವನು. ಅದು ಇರಲಿ.) ಉಳಿದವರಲ್ಲಿ ಎಷ್ಟೋ ಜನ ನಿಜವಾಗಿಯೂ ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದವರು.

ಜೂಜಿನ ಚಕ್ರ ತಿರುಗಿಸುವ ಕುಳ್ಳ ಮನುಷ್ಯ ಮಾರ್ಸೆಲ್ ಡಾಲಿಯೋ. ಫ್ರಾನ್ಸ್‌ನಲ್ಲಿ ನಿರ್ದೇಶಕ ರೆನ್ವಾರ್ ಸಿನಿಮಾಗಳಲ್ಲಿ ದೊಡ್ಡ ಪಾತ್ರ ಮಾಡಿದ್ದವನು. ನಾಜಿಗಳು ಅವನ ಫೋಟೋವನ್ನು “ಯಹೂದಿ ಅಂದರೆ ಹೀಗಿರುತ್ತಾನೆ” ಅಂತ ಪೋಸ್ಟರ್ ಮಾಡಿ ಅಂಟಿಸಿದ್ದರು. ಬೋಗಾರ್ಟ್ ಕೈಬಿಟ್ಟ ಹುಡುಗಿ ಇವೊನ್ ಪಾತ್ರದ ಮ್ಯಾಡಲೀನ್ ಲೆಬೋ ಆಗ ಅವನ ಹೆಂಡತಿ. ಇಬ್ಬರೂ ಲಿಸ್ಬನ್ ಮೂಲಕವೇ ಪಾರಾಗಿ ಬಂದದ್ದು. ಕೈಯಲ್ಲಿದ್ದ ಚಿಲಿ ದೇಶದ ವೀಸಾ ನಕಲಿ ಅಂತ ಗೊತ್ತಾಗಿ ಮೆಕ್ಸಿಕೋದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಚಿತ್ರದ ಕಥೆ ಏನು? ವೀಸಾ ಸಿಗದೆ ಒದ್ದಾಡುವವರದ್ದು!

ಈಗ ಆ ಹಾಡಿನ ಸೀನ್ ನೋಡಿ. ಜರ್ಮನ್ ಅಧಿಕಾರಿಗಳು ತಮ್ಮ ಹಾಡು ಹಾಡುತ್ತಿದ್ದಾರೆ. ನಾಜಿಗಳ ವಿರುದ್ಧ ಹೋರಾಡುವವನ ಪಾತ್ರದ ಪಾಲ್ ಹೆನ್ರೀಡ್ ಬ್ಯಾಂಡಿನವರ ಹತ್ತಿರ ಹೋಗಿ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಅಂತಾನೆ. ಬೋಗಾರ್ಟ್ ಸುಮ್ನೆ ತಲೆಯಾಡಿಸುತ್ತಾನೆ. ಎಲ್ಲರೂ ಎದ್ದು ಹಾಡುತ್ತಾರೆ. ಲೆಬೋ ಮುಖ ಹತ್ತಿರದಿಂದ ಕಾಣುತ್ತದೆ, ಕೆನ್ನೆ ಒದ್ದೆ. 1942ರಲ್ಲಿ ಪ್ಯಾರಿಸ್ ಇನ್ನೂ ಜರ್ಮನ್ನರ ಕೈಯಲ್ಲೇ ಇತ್ತು. ಅವಳಿಗೆ ಇನ್ನೂ ಇಪ್ಪತ್ತರ ಒಳಗೋ ಹೊರಗೋ ವಯಸ್ಸು. ಅದು ಗ್ಲಿಸರಿನ್ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಆ ಕ್ರೂರ ನಾಜಿ ಮೇಜರ್ ಪಾತ್ರದ ಕಾನ್ರಾಡ್ ವೈಡ್ಟ್? ಹೆಂಡತಿ ಯಹೂದಿ ಅಂತ ಜರ್ಮನಿ ಬಿಟ್ಟವನು. ಓಡಿಬಂದವನಿಗೆ ಹಾಲಿವುಡ್‌ನಲ್ಲಿ ಸಿಕ್ಕಿದ್ದು ತನ್ನನ್ನು ಓಡಿಸಿದವರ ಪಾತ್ರ. ಮರುವರ್ಷವೇ ಗಾಲ್ಫ್ ಆಡುತ್ತಾ ಹೃದಯಾಘಾತವಾಗಿ ಹೋದ, ಐವತ್ತು ವರ್ಷಕ್ಕೆ.

ಖಾರ_ಮಂಡಕ್ಕಿ

ಓದುತ್ತಾ ಖುಷಿಯಾಯ್ತು. ಆದರೆ ಪಕ್ಕದ ಪಾತ್ರವನ್ನು ಎಲ್ಲರೂ ಬಯಸಿ ಮಾಡಿದ್ದಲ್ಲ. ಕೆಲವರನ್ನು ಪಕ್ಕಕ್ಕೆ ನಿಲ್ಲಿಸಿದ್ದು.

ಹ್ಯಾಟಿ ಮೆಕ್‌ಡೇನಿಯಲ್. ‘ಗಾನ್ ವಿತ್ ದಿ ವಿಂಡ್’ನ ಮ್ಯಾಮಿ. ಚಿತ್ರದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ, 1939ರ ಡಿಸೆಂಬರ್. ಅಲ್ಲಿನ ವರ್ಣಭೇದದ ಕಾನೂನಿನಿಂದ ಇವಳು ಹೋಗುವ ಹಾಗಿರಲಿಲ್ಲ. 1940ರ ಫೆಬ್ರವರಿ 29ರ ಆಸ್ಕರ್ ರಾತ್ರಿ ಉಳಿದ ಕಲಾವಿದರ ಜೊತೆ ಅವಳಿಗೆ ಜಾಗವಿಲ್ಲ. ಹಿಂದೆ ಗೋಡೆ ಬದಿಯಲ್ಲಿ ಬೇರೆ ಟೇಬಲ್. ಅಲ್ಲಿಂದ ಎದ್ದು ಬಂದು ಪ್ರಶಸ್ತಿ ತೆಗೆದುಕೊಂಡಳು. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. ಆಗ ಪೋಷಕ ನಟರಿಗೆ ಗೊಂಬೆಯೂ ಕೊಡುತ್ತಿರಲಿಲ್ಲ, ಫಲಕ ಮಾತ್ರ. ಆ ಫಲಕವನ್ನು ಹೊವರ್ಡ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದಳು, ಅದು ಕಳೆದುಹೋಯಿತು. ಅಕಾಡೆಮಿ ಬದಲಿ ಫಲಕ ಕೊಟ್ಟಿದ್ದು 2023ರಲ್ಲಿ. ಸತ್ತ ಮೇಲೆ ಹಾಲಿವುಡ್ ಸ್ಮಶಾನದಲ್ಲಿ ಮಲಗಬೇಕು ಅಂತ ಆಸೆ ಇತ್ತು. 1952ರಲ್ಲಿ ಅಲ್ಲೂ ಬಿಳಿಯರಿಗೆ ಮಾತ್ರ.

ಆ ಚಿತ್ರದಲ್ಲಿ ಅವಳ ಅಭಿನಯ ಎಷ್ಟು ಚೆನ್ನಾಗಿದೆ ಅನ್ನುವುದರಲ್ಲಿ ಎರಡು ಮಾತಿಲ್ಲ. ಮೆಟ್ಟಿಲು ಹತ್ತುತ್ತಾ ಅಳುತ್ತಾ ಮನೆಯ ದುಃಖವನ್ನೆಲ್ಲ ಮೆಲನಿಗೆ ಹೇಳುವ ಸೀನ್ ಒಂದೇ ಸಾಕು. ಆದರೆ ಆಮೇಲೂ ಸಿಕ್ಕಿದ್ದು ಮನೆಕೆಲಸದವಳ ಪಾತ್ರಗಳೇ. ರಿಟ್ಟರ್‌ಗೆ ಆಸ್ಕರ್ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು, ಬಂದವಳಿಗೆ ಏನು ಸಿಕ್ಕಿತು ಅಂತಲೂ ನೋಡಬೇಕು.

ಅನಾ ಮೇ ವಾಂಗ್ ಇನ್ನೊಬ್ಬಳು. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದವಳು. ‘ದಿ ಗುಡ್ ಅರ್ತ್’ (1937) ಪೂರ್ತಿ ಚೀನಾದ ರೈತರ ಕಥೆ. ಮುಖ್ಯ ಪಾತ್ರ ಬಿಳಿ ನಟಿ ಲೂಯಿಸ್ ರೈನರ್‌ಗೆ, ಚೀನೀಯಳ ಹಾಗೆ ಮೇಕಪ್ ಹಾಕಿ. ವಾಂಗ್‌ಗೆ ಹೇಳಿದ್ದು ಮನೆ ಮುರಿಯುವ ಹೆಣ್ಣಿನ ಪಾತ್ರ. ಬೇಡ ಅಂದಳು. ರೈನರ್‌ಗೆ ಆಸ್ಕರ್ ಬಂತು. 2022ರಲ್ಲಿ ಅಮೆರಿಕದ ನಾಣ್ಯದ ಮೇಲೆ ವಾಂಗ್ ಮುಖ ಬಂತು, ಏನು ಪ್ರಯೋಜನ?

ಮ್ಯಾಟಿನಿ_ಮಾವ

ಖಾರ ಸರಿಯಾಗೇ ಇದೆ ತಾಯಿ. ಈ ಸಾಲಿಗೆ ನಮ್ಮ ಹುಡುಗನನ್ನೂ ಸೇರಿಸಬೇಕು. ಸಾಬು.

ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದವನು. ಅಪ್ಪ ಮಹಾರಾಜರ ಆನೆ ಮಾವುತ. ಅಪ್ಪ ತೀರಿಕೊಂಡ ಮೇಲೆ ಆನೆಲಾಯದಲ್ಲೇ ಬೆಳೆಯುತ್ತಿದ್ದ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗ್ ಕಥೆಗೆ ಹುಡುಗ ಹುಡುಕುತ್ತಾ ಮೈಸೂರಿಗೆ ಬಂದಾಗ ಅವರ ತಂಡದ ಕಣ್ಣಿಗೆ ಬಿದ್ದ. ‘ಎಲಿಫೆಂಟ್ ಬಾಯ್’ (1937). ಆನೆ ಮೇಲೆ ಹತ್ತುವುದು, ಅದರ ಕಿವಿಯ ಹತ್ತಿರ ಮಾತಾಡುವುದು, ಯಾವುದೂ ನಟನೆ ಅಲ್ಲ. ಲಂಡನ್‌ಗೆ ಕರೆದುಕೊಂಡು ಹೋದರು. ‘ದಿ ಥೀಫ್ ಆಫ್ ಬಗ್ದಾದ್’ (1940) ಅರ್ಧಕ್ಕೇ ಯುದ್ಧ ಬಂದು ಉಳಿದ ಶೂಟಿಂಗ್ ಅಮೆರಿಕದಲ್ಲಿ. ಅಲ್ಲಿ ವಿಲನ್ ಯಾರು ಗೊತ್ತಾ? ಮೇಲೆ ಹೇಳಿದ ಅದೇ ಕಾನ್ರಾಡ್ ವೈಡ್ಟ್! ಬರ್ಲಿನ್ ಬಿಟ್ಟವನು, ಕಾರಾಪುರ ಬಿಟ್ಟವನು, ಇಬ್ಬರೂ ಎದುರು ಬದುರು.

‘ಜಂಗಲ್ ಬುಕ್’ (1942)ನಲ್ಲಿ ಮೋಗ್ಲಿ, ಹೆಸರು ದೊಡ್ಡದಾಗಿ. ಆಮೇಲೆ ನೋಡಿ. ಯೂನಿವರ್ಸಲ್‌ನವರು ‘ಅರೇಬಿಯನ್ ನೈಟ್ಸ್’, ‘ಕೋಬ್ರಾ ವುಮನ್’ ಅಂತ ಬಣ್ಣದ ಚಿತ್ರ ಮಾಡಿದರು. ಹೀರೋ ಜಾನ್ ಹಾಲ್, ಹೀರೋಯಿನ್ ಮಾರಿಯಾ ಮಾಂಟೆಜ್. ಸಾಬು ಹೀರೋ ಗೆಳೆಯ. ಹುಡುಗನಾಗಿದ್ದಾಗ ಹೀರೋ ಮಾಡಿದರು, ಗಂಡಸಾದ ಮೇಲೆ ಪಕ್ಕಕ್ಕೆ ನಿಲ್ಲಿಸಿದರು. ಆ ಕಾಲದ ಹಾಲಿವುಡ್‌ನಲ್ಲಿ ಕಂದು ಮೈಯ ಹುಡುಗ ಬಿಳಿ ಹೀರೋಯಿನ್ ಕೈ ಹಿಡಿಯುವ ಕಥೆ ಯಾರು ಬರೆಯುತ್ತಾರೆ?

1944ರಲ್ಲಿ ಅಮೆರಿಕದ ಪ್ರಜೆಯಾದ. ವಾಯುಸೇನೆ ಸೇರಿ ಬಾಂಬರ್ ವಿಮಾನದಲ್ಲಿ ಗನ್ನರ್ ಆದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ವಾಪಸ್ ಬಂದಾಗ ಅಂಥ ಚಿತ್ರಗಳ ಕಾಲವೇ ಮುಗಿಯುತ್ತಾ ಬಂದಿತ್ತು. ‘ಬ್ಲ್ಯಾಕ್ ನಾರ್ಸಿಸಸ್’ (1947) ಒಂದು ಚೆನ್ನಾಗಿದೆ. 1963ರಲ್ಲಿ ಹೃದಯಾಘಾತ. ಬರೀ 39.

ಕಬಿನಿ_ದಂಡೆ

ನಾನು ಎಚ್.ಡಿ. ಕೋಟೆ ಕಡೆಯವನು. ಕಾರಾಪುರ ಈಗ ಸಫಾರಿ, ರೆಸಾರ್ಟ್‌ಗಳ ಊರು. ಜೀಪಲ್ಲಿ ಬರುವವರು ಹುಲಿ ಕೇಳುತ್ತಾರೆ, ಚಿರತೆ ಕೇಳುತ್ತಾರೆ. ಸಾಬು ಹೆಸರು ಕೇಳಿದವರನ್ನು ನಾನಂತೂ ಕಂಡಿಲ್ಲ. ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವನ ಹೆಸರಿನ ನಕ್ಷತ್ರ ಇದೆ. ಇಲ್ಲಿ ಒಂದು ಬೋರ್ಡ್ ಹಾಕಿಸಲು ಎಷ್ಟು ಖರ್ಚಾದೀತು?

ಮಾವ, ‘ಎಲಿಫೆಂಟ್ ಬಾಯ್’ ಅಂತರ್ಜಾಲದಲ್ಲಿ ಸಿಗುತ್ತದೆ. ನಮ್ಮ ತಾತನ ಕಾಲದ ಕಾಡು ನೋಡಬೇಕು ಅಂತಲೇ ನಾನು ನೋಡಿದ್ದು. ಅಣೆಕಟ್ಟು ಕಟ್ಟುವ ಮೊದಲಿನ ಆ ಕಡೆಯ ಕಾಡು, ಹೊಳೆ ಅಷ್ಟು ಚೆನ್ನಾಗಿ ಬೇರೆಲ್ಲೂ ಕಂಡಿಲ್ಲ. ಕಥೆ ಮಾತ್ರ ಸ್ಟುಡಿಯೋದವರದು, ದೊರೆ ಬಂದು ಬೆನ್ನು ತಟ್ಟುವ ಕಥೆ. ಹುಡುಗ ಮತ್ತು ಆನೆ ಇಬ್ಬರೇ ಇರುವ ಭಾಗ ನೋಡಿ ಸಾಕು.

ಸುಮ್ನೆ_ಕೇಳ್ದೆ

ಕಾರಾಪುರಕ್ಕೆ ಎಷ್ಟೋ ಸಲ ಹೋಗಿದ್ದೇನೆ, ಗೊತ್ತೇ ಇರಲಿಲ್ಲ!

ಹಗುರದ್ದೊಂದು ಕೇಳಲಾ? ‘ನಟೋರಿಯಸ್’ನಲ್ಲಿ ರೇನ್ಸ್‌ನ ಅಮ್ಮನಾಗಿ ಬರುವ ಆ ಹೆಂಗಸು ಯಾರು? ಮಗನನ್ನು ಮಂಚದಲ್ಲಿ ಕೂತೇ ಸಿಗರೇಟ್ ಹಚ್ಚುತ್ತಾ ನೋಡುವವಳು. ಮೈ ಜುಂ ಅನ್ನುತ್ತೆ.

ನಿದ್ದೆಗೆಟ್ಟವಳು

ಲಿಯೋಪೋಲ್ಡೀನ್ ಕಾನ್‌ಸ್ಟಾಂಟಿನ್. ಯುರೋಪಿನ ರಂಗಭೂಮಿಯ ನಟಿ, ಹಾಲಿವುಡ್‌ನಲ್ಲಿ ಅದೊಂದೇ ಚಿತ್ರ. ತಮಾಷೆ ಏನು ಗೊತ್ತಾ? ಆಕೆ 1886, ‘ಮಗ’ ರೇನ್ಸ್ 1889. ಬರೀ ಮೂರು ವರ್ಷ ದೊಡ್ಡವಳು! ಹಾಲಿವುಡ್‌ನಲ್ಲಿ ಇದು ಮಾಮೂಲು. ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ (1962)ನಲ್ಲಿ ಏಂಜಲಾ ಲ್ಯಾನ್ಸ್‌ಬರಿ ಕೂಡ ‘ಮಗ’ನಿಗಿಂತ ಮೂರೇ ವರ್ಷ ದೊಡ್ಡವಳು. ನಮ್ಮಲ್ಲೂ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ನಾಯಕಿಯಾಗಿದ್ದ ಪಂಡರಿಬಾಯಿ ಆಮೇಲೆ ತಾಯಿ ಪಾತ್ರಕ್ಕೇ ಹೆಸರಾದರಲ್ಲ, ಹಾಗೆ. ಹೀರೋಗೆ ವಯಸ್ಸೇ ಆಗುವುದಿಲ್ಲ, ಆಗುವುದೆಲ್ಲ ಪಕ್ಕದವರಿಗೆ.

ಲೆಕ್ಕಿಗ

ಅಮ್ಮಂದಿರ ಮಾತು ಬಂದರೆ ಬ್ಯೂಲಾ ಬಾಂಡಿ ಬಿಡಬಾರದು. ಜೇಮ್ಸ್ ಸ್ಟೀವರ್ಟ್‌ಗೆ ನಾಲ್ಕು ಚಿತ್ರಗಳಲ್ಲಿ ತಾಯಿ. ‘ಮಿಸ್ಟರ್ ಸ್ಮಿತ್’, ‘ವಂಡರ್‌ಫುಲ್ ಲೈಫ್’ ಎರಡರಲ್ಲೂ ಇದ್ದಾಳೆ. ಸ್ವಂತಕ್ಕೆ ಮದುವೆಯೂ ಆಗಲಿಲ್ಲ, ಮಕ್ಕಳೂ ಇಲ್ಲ.

ನಾನು ಫ್ಯಾಕ್ಟರಿ ಅಂತ ವಾದ ಮಾಡಿದವನು. ಆದರೂ ಒಂದು ಚಿತ್ರದ ಮುಂದೆ ನನ್ನ ಲೆಕ್ಕ ನಡೆಯುವುದಿಲ್ಲ. ‘ಮೇಕ್ ವೇ ಫಾರ್ ಟುಮಾರೋ’ (1937). ಪಕ್ಕದ ಪಾತ್ರದವರೇ ಇಲ್ಲಿ ಮುಖ್ಯ. ಬಾಂಡಿ ಮತ್ತು ವಿಕ್ಟರ್ ಮೂರ್ ಮುದುಕ ಮುದುಕಿ. ಮನೆ ಬ್ಯಾಂಕಿನ ಪಾಲಾಗುತ್ತದೆ. ಮಕ್ಕಳು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಒಪ್ಪುವುದಿಲ್ಲ. ಅಪ್ಪ ಒಬ್ಬರ ಮನೆ, ಅಮ್ಮ ಒಬ್ಬರ ಮನೆ. ನಮ್ಮ ‘ಸ್ಕೂಲ್ ಮಾಸ್ಟರ್’ (1958) ನೋಡಿದವರಿಗೆ ಈ ನೋವು ಹೊಸದಲ್ಲ. ಅಲ್ಲಿ ಕೊನೆಗೆ ಕೈಹಿಡಿಯುವ ಶಿಷ್ಯ ಇದ್ದಾನೆ. ಇಲ್ಲಿ ಯಾರೂ ಬರುವುದಿಲ್ಲ.

ಸೊಸೆ ಮನೆಯಲ್ಲಿ ಇಸ್ಪೀಟ್ ಆಟದ ಪಾಠ ನಡೆಯುತ್ತಿದೆ. ಒಳಗೆ ದೊಡ್ಡ ಮನುಷ್ಯರು. ಆಗ ಮುದುಕನ ಫೋನ್ ಬರುತ್ತದೆ. ಬಾಂಡಿಗೆ ಫೋನಿನಲ್ಲಿ ಮಾತಾಡಿ ಗೊತ್ತಿಲ್ಲ, ಜೋರಾಗಿ ಕೂಗುತ್ತಾಳೆ. ಚಳಿಗೆ ಬೆಚ್ಚಗಿರು ಅಂತೆಲ್ಲ ಹೇಳುತ್ತಾಳೆ. ಮೊದಲು ಎಲ್ಲರಿಗೂ ಕಿರಿಕಿರಿ. ಆಮೇಲೆ ಒಬ್ಬೊಬ್ಬರೇ ಇಸ್ಪೀಟ್ ಎಲೆ ನೋಡುತ್ತಾ ಸುಮ್ಮನಾಗುತ್ತಾರೆ. ಕ್ಯಾಮೆರಾಗೆ ಅವಳ ಬೆನ್ನು ಕಾಣುವುದೇ ಜಾಸ್ತಿ. ಬಾಂಡಿಗೆ ಆಗ ಐವತ್ತೂ ಆಗಿರಲಿಲ್ಲ, ಎಪ್ಪತ್ತರ ಮುದುಕಿಯಾಗಿದ್ದಾಳೆ.

ಸ್ಟುಡಿಯೋ ಸುಖಾಂತ್ಯ ಮಾಡು ಅಂತ ದುಂಬಾಲು ಬಿತ್ತು. ನಿರ್ದೇಶಕ ಲಿಯೋ ಮಕೇರಿ ಒಪ್ಪಲಿಲ್ಲ. ಚಿತ್ರ ಓಡಲಿಲ್ಲ. ಅದೇ ವರ್ಷ ‘ದಿ ಆಫುಲ್ ಟ್ರುತ್’ ಅನ್ನೋ ಕಾಮಿಡಿಗೆ ಅವನಿಗೆ ಆಸ್ಕರ್ ಬಂತು. ಥ್ಯಾಂಕ್ಸ್, ಆದರೆ ನೀವು ಬೇರೆ ಚಿತ್ರಕ್ಕೆ ಕೊಟ್ಟಿದ್ದೀರಿ ಅಂತ ವೇದಿಕೆಯಲ್ಲೇ ಹೇಳಿದ.

ಖಾರ_ಮಂಡಕ್ಕಿ

ಲೆಕ್ಕಿಗರು ಕರಗಿದ್ದು ನೋಡಿ ಇವತ್ತು ರಾತ್ರಿಗೇ ಇದನ್ನು ಹಾಕುತ್ತೇನೆ. ಕರ್ಚೀಫ್ ಎಷ್ಟು ಬೇಕು?

ಲೆಕ್ಕಿಗ

ಕರ್ಚೀಫ್ ಸಾಲುವುದಿಲ್ಲ, ಟವೆಲ್ ಇಟ್ಟುಕೊಳ್ಳಿ. ಕೊನೆಯ ರೈಲ್ವೆ ಸ್ಟೇಷನ್ ಬರುವ ಹೊತ್ತಿಗೆ ಮನೆಯವರನ್ನು ಆಚೆ ಕಳಿಸಿ.

ಬೇಏರಿಯಾ_ಭಟ್ಟ

ಅದನ್ನು ನೋಡಿದ ಮೇಲೆ ಮರುದಿನ ‘ದಿ ಆಫುಲ್ ಟ್ರುತ್’ ಹಾಕಿ, ಮನಸ್ಸು ಸರಿಹೋಗುತ್ತದೆ. ಗಂಡ ಹೆಂಡತಿ ಡೈವೋರ್ಸ್, ಜಗಳ ನಾಯಿ ಯಾರಿಗೆ ಅಂತ. ಜಡ್ಜ್ ಎದುರೇ ಇಬ್ಬರೂ ನಾಯಿಯನ್ನು ಕರೆಯುತ್ತಾರೆ. ಆ ನಾಯಿಯ ಹೆಸರು ಸ್ಕಿಪ್ಪಿ. ‘ದಿ ಥಿನ್ ಮ್ಯಾನ್’ (1934)ನಲ್ಲಿ ಆಸ್ಟಾ ಅದೇ. ‘ಬ್ರಿಂಗಿಂಗ್ ಅಪ್ ಬೇಬಿ’ (1938)ನಲ್ಲಿ ಡೈನೋಸಾರ್ ಮೂಳೆ ಕದ್ದು ಹೂಳುವುದೂ ಅದೇ. ಪಕ್ಕದ ಪಾತ್ರ ಅಂದಿರಿ, ಮನುಷ್ಯರೇ ಆಗಬೇಕು ಅನ್ನಲಿಲ್ಲ.

ಪಕ್ಕದ_ಪಾತ್ರ

ಧಾರಾಳವಾಗಿ ಸೇರಿಸಿ. ಸೆಟ್‌ನಲ್ಲಿ ನಟರು ಅದರ ಜೊತೆ ಸಲುಗೆ ಬೆಳೆಸುವ ಹಾಗಿರಲಿಲ್ಲ, ಟ್ರೇನರ್ ಮಾತು ಬಿಟ್ಟು ಬೇರೆಯವರದು ಕೇಳಬಾರದು ಅಂತ. ಒಮ್ಮೆ ಮಿರ್ನಾ ಲಾಯ್‌ಗೆ ಕಚ್ಚಿಯೂ ಇತ್ತು. ಹೀರೋಯಿನ್‌ಗೇ ಕಚ್ಚಿ ಕೆಲಸ ಉಳಿಸಿಕೊಂಡವರು ಈ ಪಟ್ಟಿಯಲ್ಲಿ ಇನ್ನೊಬ್ಬರಿಲ್ಲ.